ಒಂದು ಬೆರಳಿನ ಬೇಸ್

ಬೇಸ್ ಗಿಟಾರ್, ಅಂದರೆ ಹಾಡಿನ ತಗ್ಗು ಸ್ವರಗಳನ್ನು ನುಡಿಸುವ ಗಿಟಾರ್, ಕಲಿಯಲು ಬಂದವರಿಗೆ ಮೊದಲ ದಿನ ನಾನು ಗಿಟಾರ್ ಮುಟ್ಟಲು ಬಿಡುವುದಿಲ್ಲ. ಅಮೆರಿಕದ ಫೋರ್ ಟಾಪ್ಸ್ ಎಂಬ ಗಾಯಕರ ತಂಡದ 'ಬರ್ನಡೆಟ್' ಹಾಕುತ್ತೇನೆ. 1967ರ ಹಾಡು. "ಹಾಡುವವರನ್ನು ಬಿಡಿ, ತಳದಲ್ಲಿ ಏನು ನಡೀತಿದೆ ಕೇಳಿ" ಅನ್ನುತ್ತೇನೆ. ಎರಡನೇ ಸಲ ಕೇಳುವಾಗ ಹುಡುಗರ ಕಣ್ಣು ಅಗಲವಾಗುತ್ತದೆ. ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ಓಡುತ್ತಿದೆ, ಅಲ್ವಾ?

ಅದನ್ನು ನುಡಿಸಿದವರು ಜೇಮ್ಸ್ ಜೇಮರ್ಸನ್. ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋ ವಾದ್ಯಗಾರರು. ಆ ಬಳಗಕ್ಕೆ ಫಂಕ್ ಬ್ರದರ್ಸ್ ಎಂದು ಹೆಸರು. ಡ್ರಮ್ಸ್‌ಗೆ ಬೆನ್ನಿ ಬೆಂಜಮಿನ್, ಕೀಬೋರ್ಡಿಗೆ ಅರ್ಲ್ ವ್ಯಾನ್ ಡೈಕ್. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಮಾರ್ವಿನ್ ಗೇ ಹೀಗೆ ಮುಂದೆ ನಿಂತು ಹಾಡುವವರು ಬದಲಾಗುತ್ತಿದ್ದರು. ಹಿಂದೆ ನುಡಿಸುವವರು ಹೆಚ್ಚಾಗಿ ಇವರೇ. ರೆಕಾರ್ಡಿನ ಹೊದಿಕೆಯ ಮೇಲೆ ಮಾತ್ರ ಇವರ ಹೆಸರು ಇರುತ್ತಿರಲಿಲ್ಲ.

ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ತಂತಿ ಮೀಟುತ್ತಿದ್ದರು. 1962ರ ಫೆಂಡರ್ ಪ್ರಿಸಿಷನ್ ಬೇಸ್, ಅದಕ್ಕೆ ನುಣುಪು ಸುತ್ತಿನ ದಪ್ಪ ತಂತಿ. ಕಡಿದು ಹೋಗುವ ತನಕ ತಂತಿ ಬದಲಿಸುತ್ತಿರಲಿಲ್ಲ! ಹಳೆಯ ತಂತಿಯಲ್ಲಿ ಝಣ್ ಅನ್ನುವ ಹೊಳಪು ಹೋಗಿ, ಗುಂಡಗಿನ 'ದಂ' ಮಾತ್ರ ಉಳಿಯುತ್ತದೆ. ತಂತಿಗಳ ಕೊನೆಗೆ ತಾಗುವಂತೆ ಒಂದು ತುಂಡು ಸ್ಪಂಜು ಇತ್ತು. ಅದರಿಂದ ಸ್ವರ ಎಳೆಯದೆ ಚುಟುಕಾಗಿ ನಿಲ್ಲುತ್ತದೆ. ಮೂರು ತಿಂಗಳಿಗೊಮ್ಮೆ ದುಬಾರಿ ತಂತಿ ಹಾಕಿಸುವ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಆದರೆ ಗುಟ್ಟು ಇರುವುದು ತಂತಿಯಲ್ಲಲ್ಲ. ಜೇಮರ್ಸನ್ ಕೈಗೆ ಸಿಗುತ್ತಿದ್ದುದು ಎಷ್ಟೋ ಸಲ ಬರೀ ಕಾರ್ಡ್‌ಗಳ ಹಾಳೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಸಾಮಾನ್ಯ ಬೇಸಿಸ್ಟ್ ಕಾರ್ಡಿನ ಮೂಲ ಸ್ವರ ಹಿಡಿದು ಸುಮ್ನೆ ತಾಳ ಕಾಯುತ್ತಾನೆ. ಜೇಮರ್ಸನ್ ಜಾಝ್‌ನಿಂದ ಬಂದವರು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಸ್ವರಗಳನ್ನು ಮೆಟ್ಟಿಲು ಮಾಡಿಕೊಳ್ಳುತ್ತಿದ್ದರು. ಪೆಟ್ಟು ಬೀಳಬೇಕಾದ ಜಾಗಕ್ಕಿಂತ ಅರ್ಧ ಹೆಜ್ಜೆ ಮೊದಲೇ ಬಂದು, ಆಮೇಲೆ ಸುಮ್ಮನಾಗಿಬಿಡುತ್ತಿದ್ದರು. ಒಳ್ಳೆಯ ಮೃದಂಗದವರು ಸಾಹಿತ್ಯ ನೋಡಿಕೊಂಡು ನುಡಿಸುತ್ತಾರಲ್ಲ, ಹಾಗೆ ಗಾಯಕ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಇವರ ಬೇಸ್ ಮಾತಾಡುತ್ತದೆ.

ಹೀಗೆ ಹುಟ್ಟಿಸಿದ ಸ್ವರಗಳು ಇವರ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹಾಡು ಬರೆದವರಿಗೆ ರಾಯಲ್ಟಿ, ನುಡಿಸಿದವರಿಗೆ ಕೂಲಿ. ನಾನೂ ಸ್ಟುಡಿಯೋಗಳಲ್ಲಿ ನುಡಿಸಿದವನೇ. ಹಾಳೆಯಲ್ಲಿಲ್ಲದ ನಾಲ್ಕು ಸ್ವರ ಸೇರಿಸಿದರೆ "ಚೆನ್ನಾಗಿದೆ, ಇಟ್ಕೊಳ್ಳೋಣ" ಅನ್ನುತ್ತಾರೆ. ಬಿಲ್ಲಿನಲ್ಲಿ ಅದಕ್ಕೆ ಸಾಲೇ ಇಲ್ಲ.

1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂ ಬಂದಾಗ ವಾದ್ಯಗಾರರ ಹೆಸರೂ ಅಚ್ಚಾಯಿತು. ಮರುವರ್ಷವೇ ಮೋಟೌನ್ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. ಡೆಟ್ರಾಯಿಟ್‌ನ ಬಳಗ ಚದುರಿತು. ಜೇಮರ್ಸನ್ ಹಿಂದೆಯೇ ಹೋದರು, ಆದರೆ ಅಲ್ಲಿ ಕೈ ಹತ್ತಲಿಲ್ಲ.

1983ರಲ್ಲಿ ಮೋಟೌನ್‌ನ 25 ವರ್ಷದ ಸಂಭ್ರಮ ಟಿವಿಗಾಗಿ ಚಿತ್ರೀಕರಣವಾಯಿತು. ಜೇಮರ್ಸನ್ ಟಿಕೆಟ್ ಕೊಂಡು ಹೋಗಿ, ಹಿಂದೆಲ್ಲೋ ಕೂತು ನೋಡಿದರಂತೆ. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. ವಯಸ್ಸು 47.