ಹನಿ ಬಿದ್ದಿಲ್ಲ, ಆದರೂ 'ಆರಿದ್ರೆ ಹುಟ್ತು' ಅಂತಾರಲ್ಲ?

ಓದುಗರ ಪ್ರಶ್ನೆ: ಮೂಡಿಗೆರೆ ಕಡೆಯ ನಮ್ಮ ತಾತ ತಿಂಗಳು, ತಾರೀಕು ಹೇಳುವುದೇ ಇಲ್ಲ. ಏನು ಕೇಳಿದರೂ 'ಆರಿದ್ರೆ ಹುಟ್ಲಿ, ನೋಡಾಣ' ಅಂತಾರೆ. ಬಿಸಿಲು ಕಾಯುತ್ತಿದ್ದರೂ 'ಮಳೆ ಹುಟ್ತು' ಅನ್ನುವುದು ಯಾಕೆ?

ಮಳೆ ಹುಟ್ಟುವುದೇ ಬೇರೆ, ಬರುವುದೇ ಬೇರೆ. ಹುಟ್ಟುವುದು ಪಂಚಾಂಗದಲ್ಲಿ. ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ, ಒಂದೊಂದರಲ್ಲಿ 13-14 ದಿನ ಇರುತ್ತಾನೆ. ರೈತರ ಬಾಯಲ್ಲಿ ಆ ಅವಧಿಗೇ 'ಮಳೆ' ಅಂತ ಹೆಸರು. ಜೂನ್ 21-22ರ ಸುಮಾರಿಗೆ ಆರಿದ್ರೆ ಹುಟ್ಟುತ್ತದೆ, ಮೋಡ ಇರಲಿ ಬಿಡಲಿ. 'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ' ಅನ್ನುವ ಗಾದೆಯಲ್ಲಿರುವ ಅನುಮಾನವೂ ಅದೇ: ಹುಟ್ಟಿದ್ದೆಲ್ಲ ಸುರಿಯುತ್ತದೆಂಬ ಖಾತ್ರಿಯಿಲ್ಲ. ಒಂದೊಂದು ಮಳೆಗೆ ನಾಲ್ಕು ಪಾದ. 'ಮೂರನೇ ಪಾದಕ್ಕೆ ಬಾ' ಎಂದರೆ ಮಳೆ ಹುಟ್ಟಿ ವಾರ ಕಳೆದ ಮೇಲೆ.

ಹಾಗಾದರೆ ಶ್ರಾವಣ, ಭಾದ್ರಪದ ಅನ್ನಬಹುದಿತ್ತಲ್ಲ? ಅವು ಚಂದ್ರನ ತಿಂಗಳು, ಜರುಗುತ್ತವೆ. 2022ರಲ್ಲಿ ಆಗಸ್ಟ್ 31ಕ್ಕೆ ಬಂದ ಗಣೇಶನ ಹಬ್ಬ, ಮರುವರ್ಷ ಅಧಿಕ ಶ್ರಾವಣ ನುಗ್ಗಿದ್ದಕ್ಕೆ ಸೆಪ್ಟೆಂಬರ್ 18ಕ್ಕೆ ಹೋಯಿತು. ಮಗೆ ಮಳೆ ಮಾತ್ರ ಎರಡೂ ವರ್ಷ ಆಗಸ್ಟ್ ಮಧ್ಯದಲ್ಲೇ ಹುಟ್ಟಿತು. ಬಿತ್ತುವವನಿಗೆ ಕದಲದ ಲೆಕ್ಕ ಬೇಕು. ಹಾಸನದ ಬಯಲಲ್ಲಿ ಆಲೂಗಡ್ಡೆಗೆ ಕೃತ್ತಿಕೆ, ರೋಹಿಣಿ ಹೊತ್ತು. ಸಕಲೇಶಪುರದ ಕಡೆ ಭತ್ತದ ನಾಟಿಗೆ ಪುಷ್ಯ, ಆಶ್ಲೇಷ. ತಾತನ ಮಾತು ಹಳೇದೆನಿಸಿದರೂ ನಿಮ್ಮ ಮೊಬೈಲಿನ ಕ್ಯಾಲೆಂಡರಿಗೆ ಚಾಂದ್ರಮಾನಕ್ಕಿಂತ ಹತ್ತಿರ.

ತೋಟದವರ ಮಾತಂತೂ ಇನ್ನೂ ಮಜಾ. ಮಾರ್ಚ್ ಕೊನೆಗೆ ಹುಟ್ಟುವ ರೇವತಿ ಒಳ್ಳೆ ಹದಕ್ಕೆ ಬಿದ್ದರೆ ಹತ್ತು ದಿನದೊಳಗೆ ಕಾಫಿ ಗಿಡ ಬೆಳ್ಳಗೆ ಅರಳಿ ನಿಲ್ಲುತ್ತದೆ. ಆಗ ಹಿರಿಯರು ಹೇಳುವುದು: 'ರೇವತಿ ಒಂದಿಂಚು ನಲವತ್ತು ಸೆಂಟು ಹುಯ್ತು.' ಮಳೆಯ ಹೆಸರು ಪಂಚಾಂಗದ್ದು, ಅಳತೆ ಬ್ರಿಟಿಷ್ ಎಸ್ಟೇಟಿನದು. ನೂರು ಸೆಂಟಿಗೆ ಒಂದಿಂಚು. ಅಲ್ಲಿಗೆ ಒಂದಿಂಚು ನಲವತ್ತು ಸೆಂಟು ಅಂದರೆ ಸುಮಾರು 36 ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳಿದ್ದನ್ನು ಇಂಚಿಗೆ ಇಳಿಸಿಕೊಂಡ ಮೇಲೇ ಇವರಿಗೆ ಸಮಾಧಾನ.

ತಾತ ಮದುವೆ ಮಾತಿಗೆ 'ಚಿತ್ತೆ ಕಳೀಲಿ' ಅಂದರೆ ಅಕ್ಟೋಬರ್ 24ರ ನಂತರ ಮಾತೆತ್ತಿ. 'ಕುಯ್ಲು ಮುಗೀಲಿ' ಅಂದರೆ ಮಾತ್ರ ಪಂಚಾಂಗ ತೆರೆಯಬೇಡಿ. ಅರೇಬಿಕಾ ಮುಗಿದು, ರೋಬಸ್ಟಾ ಕಣದಲ್ಲಿ ಒಣಗುವಷ್ಟರಲ್ಲಿ ಫೆಬ್ರುವರಿ ದಾಟಿರುತ್ತದೆ.