ನೀರಿಗೆ ಅವಸರ ಕಲಿಸಿದವರು ನಾವು

2022ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮಳೆಗೆ ರಸ್ತೆಗಳು ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೊರಟರು. ಇಂಥ ಮಳೆ ಬಂದಾಗಲೆಲ್ಲ ‘ಮೇಘಸ್ಫೋಟ’ ಅನ್ನುವವರು ಇದ್ದೇ ಇರುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮೇಘಸ್ಫೋಟ ಎನ್ನಬೇಕಾದರೆ ಒಂದೇ ಗಂಟೆಯಲ್ಲಿ 100 ಮಿ.ಮೀ. ಸುರಿಯಬೇಕು. ಆ ಬೆಳಗಿನವರೆಗಿನ 24 ಗಂಟೆಯಲ್ಲಿ ಬಿದ್ದದ್ದು ಸುಮಾರು 130. ಜೋರು ಮಳೆಯೇ, ಸುಳ್ಳಲ್ಲ. ಅದು ಎಷ್ಟು ಬೇಗ ತಗ್ಗು ಸೇರಿತು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮದುವೆಮನೆಯಲ್ಲಿ ಸಾವಿರ ಜನ ಐದು ಪಂಕ್ತಿಯಲ್ಲಿ ಉಂಡೆದ್ದರೆ ಬಡಿಸುವವರಿಗೆ ತ್ರಾಸವಿಲ್ಲ. ಅಷ್ಟೂ ಜನ ಮೊದಲ ಪಂಕ್ತಿಗೇ ನುಗ್ಗಿದರೆ? ಊರಿನ ಮಳೆನೀರು ಹೊರುವ ರಾಜಕಾಲುವೆಯ ಪಾಡೂ ಅದೇ. ಹಳೆಯ ಹಳ್ಳದಲ್ಲಿ ಜೊಂಡು, ಕಲ್ಲು, ತಿರುವುಗಳಿಗೆ ತಾಕುತ್ತಾ ನೀರು ತಡವಾಗಿ ಬರುತ್ತಿತ್ತು. ಅದೇ ಇಳಿಜಾರಿನ ನುಣುಪು ಕಾಂಕ್ರೀಟ್ ಕಾಲುವೆಯಲ್ಲಿ ಎರಡು-ಮೂರು ಪಟ್ಟು ವೇಗ. ಮೇಲಿನ ಬಡಾವಣೆಯವರು ‘ನಮ್ಮ ರೋಡ್ ಕ್ಲಿಯರ್ ಆಯ್ತು’ ಅನ್ನುವ ಹೊತ್ತಿಗೆ ಕೆಳಗಿನವರ ಬೇಸ್‌ಮೆಂಟಿನಲ್ಲಿ ಕಾರು ತೇಲುತ್ತಿರುತ್ತದೆ.

ದೊಡ್ಡ ನದಿಯಿಲ್ಲದ, ದಿಬ್ಬದ ಮೇಲಿನ ಈ ಊರಿಗೆ ಹಿಂದಿನವರು ಸಾಲಾಗಿ ಕೆರೆ ಕಟ್ಟಿದ್ದರು. ಒಂದು ತುಂಬಿ ಹರಿದ ಕೋಡಿ ನೀರು ಮುಂದಿನದಕ್ಕೆ. ಕೆರೆಯ ನೀರು ಹೊರಬಿಡುವ ತೂಬು ನೋಡಿಕೊಳ್ಳಲು ನೀರಗಂಟಿ ಇದ್ದ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಉಳಿದ ಕೆರೆಗಳಾದರೂ ವರ್ಷವಿಡೀ ತುಂಬಿ ತುಳುಕಲಿ ಅನ್ನುವುದು ವಾಕಿಂಗ್ ಬರುವವರ ಆಸೆ. ನನ್ನ ತಕರಾರು ಇರುವುದೇ ಇಲ್ಲಿ: ಮಳೆಗೆ ಮುಂಚೆಯೇ ಕೋಡಿಮಟ್ಟಕ್ಕೆ ನಿಂತ ಕೆರೆ ಹೊಸ ನೀರನ್ನು ಹೆಚ್ಚು ಹಿಡಿದಿಡಲಾರದು. ಬಾಗಿನ ಬಿಡಿ, ಬೇಡವೆನ್ನುವುದಿಲ್ಲ. ಮೇ ತಿಂಗಳಲ್ಲಿ ತೂಬು ತೆಗೆದು ಒಂದಷ್ಟು ಜಾಗವನ್ನೂ ಮಾಡಿ.

ಮನೆಯವರು ಮಾಡಬಹುದಾದದ್ದೂ ನೀರನ್ನು ತಡೆತಡೆದು ಕಳಿಸುವ ಕೆಲಸವನ್ನೇ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. 30×40 ಸೈಟಿಗೆ 50 ಮಿ.ಮೀ. ಬಿದ್ದರೆ ಸುಮಾರು 5,500 ಲೀಟರ್. 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ, ಅಂದರೆ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿ, 4,000 ಲೀಟರ್ ಹಿಡಿಯುತ್ತದೆ, ಅಷ್ಟರೊಳಗೆ ಇಂಗಿದ್ದು ಬೇರೆ. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಭೋವಿ ಸಮುದಾಯದವರು ಇದನ್ನು ಬಲ್ಲರು: ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಸಂದಿಗೆ ಗಾರೆ ಮೆತ್ತದೆ, ಸುತ್ತ ಜಲ್ಲಿ ತುಂಬುತ್ತಾರೆ. ಕೆಸರು ನೀರು ಬಿಟ್ಟರೆ ತಳ ಕಟ್ಟಿಕೊಳ್ಳುತ್ತದೆ. ಅದಕ್ಕೇ ಮೊದಲೊಂದು ಸೋಸುವ ತೊಟ್ಟಿ ಬೇಕು.

ಒಬ್ಬರು ತೋಡಿಸಿದರೆ ಕಾಲುವೆಗೆ ಗೊತ್ತೂ ಆಗುವುದಿಲ್ಲ. ನೂರು ಮನೆಯವರು ತೋಡಿಸಿದರೆ 4 ಲಕ್ಷ ಲೀಟರ್ ಮೊದಲ ಪಂಕ್ತಿಗೆ ಬರುವುದಿಲ್ಲ. ತೊಡಕೆಂದರೆ, ಕೆರೆಯಂಚಿನ ತಗ್ಗಿನಲ್ಲಿ ಅಂತರ್ಜಲ ಮೇಲೇ ಇರುವುದರಿಂದ ಅಲ್ಲಿನ ಬಾವಿ ಹೆಚ್ಚು ನೀರು ಕುಡಿಯುವುದಿಲ್ಲ. ತೋಡಿಸಬೇಕಾದವರು ಎತ್ತರದವರು, ಮುಳುಗುವವರು ತಗ್ಗಿನವರು. ಎರಡೂ ಕಡೆಯ ನಿವಾಸಿಗಳ ಸಂಘದವರು ಒಂದೇ ಸಭೆಯಲ್ಲಿ ಕೂತದ್ದನ್ನು ನಾನಂತೂ ಕಂಡಿಲ್ಲ.