ಕಾಡಿನ ಕೆರೆ ಎಷ್ಟು ಆಳ? ನೀರಿಗಿಳಿಯದೆ ತಿಳಿಯುವ ಬಗೆ

ಓದುಗರ ಪ್ರಶ್ನೆ: ಕಾಡು ಸುತ್ತುವಾಗ ಮರಗಳ ನಡುವೆ ಸಣ್ಣ ಕೆರೆ, ಹೊಂಡಗಳು ಎದುರಾಗುತ್ತವೆ. ದಡದಿಂದ ನೋಡಿದರೆ ಮೊಣಕಾಲುದ್ದ ನೀರಿದ್ದಂತೆ ಕಾಣುತ್ತದೆ. ನಿಜವಾಗಿ ಎಷ್ಟು ಆಳವಿದೆ ಎಂದು ಇಳಿಯದೆಯೇ ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಆದರೆ ಅಳೆಯಬೇಕಾದದ್ದು ಒಂದು ಆಳವಲ್ಲ, ಎರಡು. ಕಾಡಿನ ಕೆರೆಗೆ ಎರಡು ತಳಗಳಿರುತ್ತವೆ: ಮೇಲೆ ಹೂಳಿನ ತಳ, ಅದರಡಿ ಗಟ್ಟಿ ನೆಲ. ವರ್ಷವರ್ಷವೂ ಉದುರಿದ ಎಲೆ, ಕಡ್ಡಿ, ಮಳೆನೀರು ಹೊತ್ತು ತಂದ ಮಣ್ಣು ಇವೆರಡರ ನಡುವೆ ಕೊಳೆತು ಕೂತಿರುತ್ತದೆ. ನೀರು ಎರಡೇ ಅಡಿ ಇದ್ದು, ಹೂಳು ಆಳುದ್ದ ಇರುವ ಹೊಂಡಗಳು ಅಪರೂಪವೇನಲ್ಲ. ಈಜು ಬಲ್ಲವರೂ ಸಿಕ್ಕಿಬೀಳುವುದು ಈ ಹೂಳಿನಲ್ಲೇ, ಏಕೆಂದರೆ ಅಲ್ಲಿ ಈಜಲೂ ಆಗದು, ನಿಲ್ಲಲೂ ಆಗದು.

ಕಣ್ಣಳತೆಯನ್ನು ಮೊದಲು ಬದಿಗಿಡಿ. ನೀರಿನಲ್ಲಿ ಬೆಳಕು ಬಾಗುವುದರಿಂದ, ತಿಳಿನೀರನ್ನು ನೇರ ಮೇಲಿನಿಂದ ನೋಡಿದರೂ ತಳವು ಇರುವ ಆಳದ ಸುಮಾರು ಮುಕ್ಕಾಲು ಭಾಗದಲ್ಲೇ ಇದ್ದಂತೆ ತೋರುತ್ತದೆ. 4 ಅಡಿ ನೀರು 3 ಅಡಿಯಂತೆ ಕಾಣುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಕೊಳೆತ ಎಲೆಗಳ ರಸ ಇಳಿದು ಕಂದಾದ ನೀರಿನಲ್ಲಿ ತೊಂದರೆ ಬೇರೆ ಥರದ್ದು: ಅರ್ಧ ಮೀಟರಿನ ತಳವೂ ಕಾಣದೆ ಇಡೀ ಕೆರೆ ಪಾತಾಳದಂತೆ ತೋರಬಹುದು. ಹಾಗಾಗಿ ನೀರಿನ ಬಣ್ಣ ನೋಡಿ ಆಳ ಹೇಳುವುದಕ್ಕೆ ಹೋಗಬೇಡಿ.

ಗಿಡಗಳು ಕಣ್ಣಿಗಿಂತ ಒಳ್ಳೆಯ ಸಾಕ್ಷಿ. ಜೊಂಡು ಬೇರೂರಿ ನೆಟ್ಟಗೆ ನಿಂತ ಕಡೆ ನೀರು ಸಾಮಾನ್ಯವಾಗಿ ಒಂದು, ಒಂದೂವರೆ ಮೀಟರಿನೊಳಗೆ ಇರುತ್ತದೆ. ಎಲೆ ತೇಲಿಸುವ ನೈದಿಲೆ ಎರಡು ಮೀಟರಿನ ಆಸುಪಾಸಿನವರೆಗೂ ಹೋಗುತ್ತದೆ. ಅದರಾಚೆ ಬರಿ ನೀರು ಕಂಡರೆ ಆಳ ಅದಕ್ಕಿಂತ ಹೆಚ್ಚಿದೆ ಎಂದೇ ಎಣಿಸಿ. ನೈದಿಲೆಯ ನಡುವೆ, ದಡಕ್ಕೆ ಹತ್ತಿರದಲ್ಲೇ, ದುಂಡಗೆ ಒಂದು ಖಾಲಿ ಜಾಗವಿದ್ದರೆ ಹೆಚ್ಚು ಎಚ್ಚರ ಬೇಕು. ಅಡಿಯಲ್ಲಿ ಬಂಡೆ ಇರಬಹುದು, ಹಿಂದೆ ಯಾರೋ ಮಣ್ಣು ತೆಗೆದ ಗುಂಡಿಯೂ ಇರಬಹುದು. ಒಂದು ಸಂಗತಿಯಲ್ಲಿ ಮಾತ್ರ ಗಿಡಗಳೂ ಮೋಸ ಮಾಡುತ್ತವೆ: ಹುಲ್ಲು, ಬೇರು ಹೆಣೆದುಕೊಂಡು ನೀರಿನ ಮೇಲೆ ತೇಲುವ ಹಾಸು ನೋಡಲು ಗಟ್ಟಿ ನೆಲದಂತೆಯೇ ಇರುತ್ತದೆ. ಗಳದಿಂದ ಒತ್ತಿ ನೋಡಿ. ಒತ್ತಿದ ಜಾಗದಿಂದ ಮಾರು ದೂರದ ಹುಲ್ಲೂ ಅಲುಗಿದರೆ ಕೆಳಗೆ ನೀರಿದೆ.

ಕೆರೆ ಹೇಗೆ ಹುಟ್ಟಿತು ಎಂಬುದರ ಮೇಲೆ ಅತಿ ಆಳದ ಜಾಗ ನಿಂತಿರುತ್ತದೆ. ಏರಿ ಕಟ್ಟಿ ನಿಲ್ಲಿಸಿದ ಕೆರೆಯಲ್ಲಿ ಅದು ಸಾಮಾನ್ಯವಾಗಿ ಏರಿಯ ಬಳಿ, ತೂಬಿನ ಹತ್ತಿರ. ಅಲ್ಲಿಂದ ಹಿಂದಕ್ಕೆ ಹಳೆಯ ಹಳ್ಳದ ಜಾಡು ನೀರಿನಡಿಯಲ್ಲೇ ಹಾದುಹೋಗಿರುತ್ತದೆ. ಹೊಳೆ ದಾರಿ ಬದಲಿಸಿ ಬಿಟ್ಟುಹೋದ ಬಾಗಿದ ಮಡುವಿನಲ್ಲಿ ಹೊರಬಾಗಿನ ದಡ ಆಳ, ಒಳಬಾಗು ಇಳಿಜಾರು. ಕಲ್ಲು ತೆಗೆದ ಕ್ವಾರಿ ತುಂಬಿ ಆದ ಹೊಂಡಕ್ಕೆ ಇಳಿಜಾರೇ ಇರುವುದಿಲ್ಲ, ದಡದಿಂದ ಒಂದು ಹೆಜ್ಜೆ ಇಟ್ಟರೆ ಹತ್ತಾರು ಅಡಿ ಇರಬಹುದು. ಅಲ್ಲಿ ಇಳಿಯುವ ಯೋಚನೆಯನ್ನೇ ಬಿಡಿ.

ಅಳೆಯುವ ಸಾಮಾನು

ಬೇಕಾದದ್ದು ಹುರಿ, ತಟ್ಟೆ, ಗಳ. ಹುರಿ 4 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಆದರೆ ಒಳ್ಳೆಯದು. ಹತ್ತಿಯ ಹುರಿ ನೆನೆದರೆ ಕುಗ್ಗುತ್ತದೆ, ನೈಲಾನ್ ಹಿಗ್ಗುತ್ತದೆ. ಯಾವುದೇ ಆಗಲಿ, ಒಮ್ಮೆ ನೆನೆಸಿ ಹದವಾಗಿ ಎಳೆದು ಹಿಡಿದೇ ಗುರುತು ಹಾಕಿ: 25 ಸೆಂ.ಮೀ.ಗೊಂದು ದಾರದ ಸುತ್ತು, ಮೀಟರಿಗೊಂದು ಬಣ್ಣದ ಬಟ್ಟೆ. ಪೆನ್ನಿನ ಗುರುತು ಬೇಗ ಅಳಿಸಿಹೋಗುತ್ತದೆ.

ಹುರಿಯ ತುದಿಗೆ ಬರಿ ಗುಂಡು ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಅದು ಹೂಳಿನೊಳಗೆ ಎಷ್ಟೋ ದೂರ ಇಳಿದು ನಿಲ್ಲುತ್ತದೆ. ಆಗ ಸಿಗುವ ಅಳತೆ ಹೂಳಿನ ತಳದ್ದೂ ಅಲ್ಲ, ಗಟ್ಟಿ ನೆಲದ್ದೂ ಅಲ್ಲ. 20 ಸೆಂ.ಮೀ. ಅಗಲದ ಚಪ್ಪಟೆ ತಟ್ಟೆಯ ಅಡಿಗೆ, ಅದು ಮುಳುಗಿದರೆ ಸಾಕು ಎನ್ನುವಷ್ಟು, ಅಂದರೆ 300 ಗ್ರಾಂ ಆಸುಪಾಸು, ತೂಕ ಕಟ್ಟಿ. ನಿಧಾನವಾಗಿ ಇಳಿಸುತ್ತ ಹೋದರೆ ತಟ್ಟೆ ಹೂಳಿನ ಮೇಲೆ ಕೂತ ಕ್ಷಣ ಹುರಿ ಸಡಿಲವಾಗುತ್ತದೆ. ಅದು ಮೊದಲ ಆಳ. ಅದೇ ಜಾಗದಲ್ಲಿ ಗಳವನ್ನು ತೋಳಿನ ಬಲದಿಂದಷ್ಟೇ, ಮೈಭಾರ ಹಾಕದೆ, ಒತ್ತಿ. ಅದು ಮುಂದೆ ಹೋಗದೆ ನಿಂತದ್ದು ಎರಡನೆಯ ಆಳ. ತಟ್ಟೆ 1.4 ಮೀಟರಿಗೆ ಕೂತು ಗಳ 2.6 ಮೀಟರಿಗೆ ನಿಂತರೆ ಹೂಳು 1.2 ಮೀಟರ್.

ಗಳ ಹಿಡಿದ ಕೈಗೆ ಅಡಿಯಲ್ಲಿ ಏನಿದೆ ಎಂಬುದೂ ತಿಳಿಯುತ್ತದೆ. ಕಲ್ಲಾದರೆ ಟಣ್ ಎಂದು ನಿಲ್ಲುತ್ತದೆ, ಮರಳಾದರೆ ಕರಕರ ಉಜ್ಜುತ್ತದೆ. ಜೇಡಿ ತುದಿಗೆ ಮೆತ್ತಿ ಮೇಲೆ ಬರುತ್ತದೆ. ಒತ್ತಿದಾಗ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳಿದರೆ ಅದು ಮುಳುಗಿದ ಕೊಂಬೆ ಅಥವಾ ಬೇರು, ನೆಲ ಇನ್ನೂ ಕೆಳಗಿದೆ. ಗಳವನ್ನು ಒಂದಡಿ ಪಕ್ಕಕ್ಕೆ ಸರಿಸಿ ಮತ್ತೆ ಒತ್ತಿ. ಗಳ ಇಳಿಯುತ್ತಲೇ ಗುಳ್ಳೆಗಳು ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಳಗಿರುವುದು ಗಾಳಿಯಾಡದೆ ಕೊಳೆಯುತ್ತಿರುವ ಎಲೆಹೂಳು. ಅಂಥ ಕಡೆ ಕಾಲಿಡಬೇಡಿ.

ದೋಣಿ ಇಲ್ಲದೆ ನಡುನೀರಿನ ಅಳತೆ ತೆಗೆಯಲು ಇಬ್ಬರು ಬೇಕು. ಅಗಲ 30–40 ಮೀಟರಿಗಿಂತ ಕಡಿಮೆಯಿದ್ದರೆ ಈ ದಡದಿಂದ ಆ ದಡಕ್ಕೆ ಹಗ್ಗ ಹಾಯಿಸಿ. ಬಿರಡೆ ಹಾಕಿದ 5 ಲೀಟರಿನ ಖಾಲಿ ಕ್ಯಾನನ್ನು ಅದಕ್ಕೆ ಕಟ್ಟಿ, ಕ್ಯಾನಿಗೆ ಒಂದು ನುಣುಪಾದ ಉಂಗುರ ಬಿಗಿದು, ಅಳತೆಯ ಹುರಿಯನ್ನು ಅದರೊಳಗಿಂದ ತೂರಿಸಿ. ಕ್ಯಾನನ್ನು ಬೇಕಾದ ಜಾಗಕ್ಕೆ ಎಳೆದು, ತಟ್ಟೆ ಉಂಗುರಕ್ಕೆ ತಾಗುವವರೆಗೆ ಹುರಿ ಎಳೆದು ಗುರುತು ನೋಡಿ. ಬಳಿಕ ಹುರಿ ಸಡಿಲವಾಗುವವರೆಗೆ ಬಿಡಿ. ಎರಡರ ವ್ಯತ್ಯಾಸವೇ ಆಳ. ಉಂಗುರದಲ್ಲಿ ಹುರಿ ಉಜ್ಜುವುದರಿಂದ ಹಗುರ ತಟ್ಟೆ ತಾನಾಗಿ ಇಳಿಯುವುದಿಲ್ಲ. ಇಲ್ಲಿ ತೂಕವನ್ನು ಒಂದು ಕಿಲೋಗೆ ಏರಿಸಿ, ತಟ್ಟೆಯನ್ನೂ 35 ಸೆಂ.ಮೀ. ಅಗಲಕ್ಕೆ ಬದಲಿಸಿ. ಅಗಲ ಬದಲಿಸದೆ ತೂಕ ಮಾತ್ರ ಏರಿಸಿದರೆ ತಟ್ಟೆ ಹೂಳಿಗಿಳಿಯುತ್ತದೆ.

ದೋಣಿಯಿದ್ದರೆ ಗಾಳಿಯ ಬಗ್ಗೆ ಜಾಗ್ರತೆ. ದೋಣಿ ಸರಿದು ಹುರಿ 30 ಡಿಗ್ರಿ ವಾಲಿದರೆ 4 ಮೀಟರ್ ಹುರಿ ಹೋದರೂ ನಿಜವಾದ ಆಳ 3.5 ಮೀಟರಿಗೂ ಕಡಿಮೆ. ಮೀನು ಹುಡುಕುವ ಸೋನಾರ್ ಉಪಕರಣ ಆಳನೀರಿಗೆ ಚೆನ್ನಾಗಿದೆ. ಆದರೆ ತೀರಾ ಕಡಿಮೆ ನೀರಿನಲ್ಲಿ ತಡಬಡಿಸುತ್ತದೆ, ದಟ್ಟ ಪಾಚಿಗಿಡವನ್ನೇ ತಳವೆಂದು ತೋರಿಸುತ್ತದೆ. ಸಣ್ಣ ಕೆರೆಗೆ ಗಳವೇ ವಾಸಿ. ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟಿರಲೇಬೇಕು.

ಇಳಿಯಲೇಬೇಕಾದರೆ

ಒಬ್ಬರೇ ಇಳಿಯಬೇಡಿ. ಗಳವನ್ನು ಒಂದು ಹೆಜ್ಜೆ ಮುಂದೆ ಊರಿ, ಭಾರವನ್ನು ಹಿಂದಿನ ಕಾಲಿನಲ್ಲೇ ಉಳಿಸಿಕೊಂಡು ಮುಂದಿನ ಕಾಲಿಡಿ. ಕಾಲು ಮೀನಖಂಡದವರೆಗೆ ಹೂತರೆ ಅಲ್ಲಿಂದಲೇ ಹಿಂದಿರುಗಿ. ಹೂತ ಕಾಲನ್ನು ನೇರ ಮೇಲಕ್ಕೆ ಎಳೆದರೆ ಪಾದದ ಕೆಳಗೆ ನಿರ್ವಾತ ಉಂಟಾಗಿ ಹೂಳು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಜೊತೆಗೆ ಇನ್ನೊಂದು ಕಾಲೂ ಹೂತುಹೋಗುತ್ತದೆ. ಹಿಂದಕ್ಕೆ ವಾಲಿ, ಗಳವನ್ನು ಅಡ್ಡಲಾಗಿ ಮಲಗಿಸಿ ಅದರ ಮೇಲೆ ಭಾರ ಹಾಕಿ, ಕಾಲನ್ನು ಸ್ವಲ್ಪಸ್ವಲ್ಪವೇ ಅತ್ತಿತ್ತ ಅಲುಗಿಸಿ ನೀರು ಪಾದದಡಿ ನುಗ್ಗಲು ಬಿಡಿ. ತಾಳ್ಮೆ ಬೇಕು. ಮೈಮೇಲೆ ಗಾಯವಿದ್ದರೆ ನಿಂತ ನೀರಿಗೆ ಇಳಿಯಲೇಬೇಡಿ; ಪ್ರಾಣಿಗಳ ಮೂತ್ರದಿಂದ ನೀರಿಗೆ ಸೇರುವ ಇಲಿಜ್ವರದ ರೋಗಾಣು ಗಾಯದ ಮೂಲಕ ಮೈಗೆ ಹೊಗುತ್ತದೆ.

ಅಳತೆಗಳು ಕೈಯಲ್ಲಿದ್ದರೆ ನೀರಿನ ಪ್ರಮಾಣವೂ ಸಿಗುತ್ತದೆ. ಸಮಾನ ದೂರದ ಚೌಕಗಳಲ್ಲಿ ತೆಗೆದ ಆಳಗಳ ಸರಾಸರಿಯನ್ನು ಕೆರೆಯ ಹರವಿನಿಂದ ಗುಣಿಸಿ: 4,000 ಚದರ ಮೀಟರ್ ಹರವು, 1.2 ಮೀಟರ್ ಸರಾಸರಿ ಆಳ ಎಂದರೆ 4,800 ಘನ ಮೀಟರ್, ಅಂದರೆ 48 ಲಕ್ಷ ಲೀಟರ್. ಅಳೆದ ದಿನ ದಡದ ಬಂಡೆಯ ಮೇಲೋ ಕೋಡಿಯ ಕಲ್ಲಿನ ಮೇಲೋ ಒಂದು ಗುರುತು ಆರಿಸಿ, ನೀರು ಅದಕ್ಕಿಂತ ಎಷ್ಟು ಕೆಳಗಿದೆ ಎಂದು ಬರೆದಿಡಿ. ಅದಿಲ್ಲದಿದ್ದರೆ ಮಳೆಗಾಲದ ಅಳತೆಯನ್ನು ಬೇಸಿಗೆಯದರ ಜೊತೆ ಹೋಲಿಸಲಾಗದು.

ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಹುರಿ, ತಟ್ಟೆ, ಬೂಟುಗಳ ಕೆಸರನ್ನು ಅದೇ ದಡದಲ್ಲಿ ತೊಳೆದು, ಪೂರ್ತಿ ಒಣಗಿಸಿ. ಕಳೆಗಿಡದ ಒಂದು ತುಣುಕು ಸಾಕು ಹೊಸ ಕೆರೆಯನ್ನು ಆವರಿಸಲು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರವೂ ಹಸಿ ಕೆಸರಿನ ಜೊತೆ ಸಾಗುತ್ತದೆ, ಪೂರ್ತಿ ಒಣಗಿದರೆ ಸಾಯುತ್ತದೆ. ಹೆಣೆದ ಹುರಿ ಒಳಗೆ ತೇವ ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಸುರುಳಿ ಸುತ್ತದೆ ಬಿಡಿಸಿ ಬಿಸಿಲಿಗೆ ಹಾಕಿ.